ಹುಬ್ಬು ಕುಣಿದದ್ದಷ್ಟೇ ಲಾಭ

ತೆರೆಗೆ ಬರುವ ಮೊದಲೇ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ, ಗೆದ್ದು ಬಂದು, ಆಮೇಲೆ ಚಿತ್ರಮಂದಿರದ ಮೆಟ್ಟಿಲಲ್ಲಿ ಮುಗ್ಗರಿಸಿದ ಸಿನಿಮಾ ಒಂದಿದೆ. ಪಿಯುಸಿ ವಯಸ್ಸಿನ ಹುಡುಗ ಹುಡುಗಿಯರ ತರಲೆ ಪ್ರೇಮದ ಮಲಯಾಳ ಚಿತ್ರ, ‘ಒರು ಅಡಾರ್ ಲವ್’. ಹೆಸರು ಮರೆತಿದ್ದರೂ ಚಿಂತೆಯಿಲ್ಲ. 2018ರಲ್ಲಿ ಕಣ್ಣು ಹೊಡೆದ ಹುಡುಗಿ ಎಂದರೆ ಸಾಕು, ಹಲ್ಲುಸೆಟ್ಟಿನ ತಾತಂದಿರಿಗೂ ನೆನಪಾಗುತ್ತದೆ.

‘ಮಾಣಿಕ್ಯ ಮಲರಾಯ ಪೂವಿ’ ಹಾಡಿನಲ್ಲಿ ಪ್ರಿಯಾ ಪ್ರಕಾಶ್ ವಾರಿಯರ್ ಹುಬ್ಬು ಕುಣಿಸಿ ಒಂದು ಕಣ್ಣು ಮಿಟುಕಿಸಿದ್ದಷ್ಟೇ. ಆ ವರ್ಷ ಭಾರತದಲ್ಲಿ ಗೂಗಲ್‌ನಲ್ಲಿ ಜನ ಅತಿ ಹೆಚ್ಚು ಹುಡುಕಿದ ವ್ಯಕ್ತಿ ಆಕೆಯೇ. ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ದಿನಾ ಸುಭಾಷಿತ ಕಳಿಸುವ ಚಿಕ್ಕಪ್ಪ, ‘ಈಗಿನ ಮಕ್ಕಳು ಕೆಡುವುದು ಹೀಗೆ’ ಎಂದು ಷರಾ ಬರೆದು ಅದನ್ನೂ ಕಳಿಸಿದರು. ಯಾರಾದರೂ ನೋಡದೆ ಉಳಿದಾರೆಂದು ಸಂಜೆ ಮತ್ತೊಮ್ಮೆ ಕಳಿಸಿದರು. ಬಚ್ಚಲ ಕನ್ನಡಿಯ ಮುಂದೆ ನಾನೂ ಒಂದು ಕೈ ನೋಡಿದೆ. ನನಗೆ ಒಂದು ಕಣ್ಣು ಮುಚ್ಚಿದರೆ ಇನ್ನೊಂದೂ ಮುಚ್ಚಿಕೊಳ್ಳುತ್ತದೆ, ಬಾಯಿ ತೆರೆದುಕೊಳ್ಳುತ್ತದೆ. ಹೆಂಡತಿ ನೋಡಿ, ‘ಹಲ್ಲುನೋವೇನ್ರೀ?’ ಎಂದಳು.

ಹೈದರಾಬಾದಿನ ಕೆಲವರಿಗೆ ಬೇರೆ ನೋವು. ಪ್ರವಾದಿ ಮತ್ತು ಖದೀಜಾ ಅವರ ಪ್ರೀತಿಯನ್ನು ಕೊಂಡಾಡುವ, ಮಲಬಾರಿನಲ್ಲಿ ದಶಕಗಳಿಂದ ಹಾಡಿಕೊಂಡು ಬಂದ ಮಾಪ್ಪಿಳ ಹಾಡಿಗೆ ಕಣ್ಣು ಹೊಡೆಯುವುದೇ ಎಂದು ಪೊಲೀಸರಿಗೆ ದೂರಿತ್ತರು. 2018ರ ಆಗಸ್ಟ್ 31ರಂದು ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ಅವರ ಪೀಠ ಎಫ್‌ಐಆರ್ ರದ್ದುಪಡಿಸಿತು. ಕಣ್ಣು ಮಿಟುಕಿಸಲು ಸುಪ್ರೀಂ ಕೋರ್ಟಿನದೇ ಅಭಯ ಸಿಕ್ಕಮೇಲೆ ಇನ್ನೇನು ಬೇಕು?

ಒಂದು ಸಿನಿಮಾ ಬೇಕಿತ್ತು.

ಕಥೆಯ ನಾಯಕಿ ಅಸಲಿಗೆ ನೂರಿನ್ ಷರೀಫ್. ಕಣ್ಣು ಹೊಡೆದವಳದು ಮೊದಲಿಗೆ ಚಿಕ್ಕ ಪಾತ್ರ. ಊರೆಲ್ಲ ಹುಚ್ಚೆದ್ದ ಮೇಲೆ ನಿರ್ದೇಶಕ ಒಮರ್ ಲುಲು ಕಥೆಯನ್ನೇ ಆಕೆಯತ್ತ ವಾಲಿಸಬೇಕಾಯಿತು. 2019ರ ಫೆಬ್ರವರಿ 14ಕ್ಕೆ ಮಲಯಾಳದ ಜತೆ ತಮಿಳು, ತೆಲುಗಿನಲ್ಲೂ ಬಂತು. ಕನ್ನಡಕ್ಕೆ ಬಂದದ್ದು ‘ಕಿರಿಕ್ ಲವ್ ಸ್ಟೋರಿ’ ಎಂದು. ‘ಕಿರಿಕ್ ಪಾರ್ಟಿ’ಯ ಪುಣ್ಯದಲ್ಲಿ ಪಾಲು ಕೇಳುವ ಹೆಸರು. ಡಬ್ಬಿಂಗ್ ಬೇಕೋ ಬೇಡವೋ ಎಂದು ನಾವು ವರ್ಷಗಟ್ಟಲೆ ಬಡಿದಾಡಿದ್ದು ಇದಕ್ಕೇನಾ ಅನ್ನಿಸಿತು. ಜನ ಬಂದದ್ದು ಕಣ್ಣಿಗಾಗಿ. ಕೋಸಂಬರಿಗೆ ಮರುಳಾಗಿ ಪಂಕ್ತಿಯಲ್ಲಿ ಕೂತವನಿಗೆ ಅನ್ನ ಇನ್ನೂ ಬೆಂದಿಲ್ಲ ಎಂದು ತಿಳಿದ ಹಾಗಾಯಿತು.

ಇಷ್ಟು ಸಾಲದೆಂಬಂತೆ, ಅಷ್ಟು ಹೊತ್ತೂ ಹಲ್ಲುಗಿಂಜಿಕೊಂಡಿದ್ದ ಚಿತ್ರ ಕೊನೆಯಲ್ಲಿ ಏಕಾಏಕಿ ದುರಂತಕ್ಕೆ ಹೊರಳಿತು. ಪ್ರೇಕ್ಷಕರು ಸಿಟ್ಟಾದರು. ಚಿತ್ರತಂಡ ಕೆಲವೇ ದಿನಗಳಲ್ಲಿ ಕ್ಲೈಮ್ಯಾಕ್ಸ್ ಕಿತ್ತುಹಾಕಿ ಸುಖಾಂತ ಜೋಡಿಸಿತು. ಸಾವಿತ್ರಿ ಯಮನ ಬೆನ್ನುಹತ್ತಿ ಅಷ್ಟು ದೂರ ನಡೆದು ಪಡೆದದ್ದನ್ನು ಇವರು ಎಡಿಟಿಂಗ್ ಕೋಣೆಯಲ್ಲೇ ಮುಗಿಸಿದರು! ಮೊದಲ ದಿನವೇ ನೋಡಿ ಬಂದವರ ಪಾಲಿಗೆ ಮಾತ್ರ ಸತ್ತವರು ಸತ್ತಂತೆಯೇ. ಅವರಿಗೆ ಇನ್ನೊಂದು ಟಿಕೆಟ್ ಯಾರು ಕೊಡಬೇಕು? ಗಲ್ಲಾಪೆಟ್ಟಿಗೆಯಂತೂ ಎದ್ದು ಕೂರಲಿಲ್ಲ.

ಈಗಲೂ ನೋಡುವ ಮನಸ್ಸಿದ್ದರೆ ನೂರಿನ್ ಷರೀಫ್ ಅವರಿಗಾಗಿ ನೋಡಿ. ಇದ್ದ ಅಷ್ಟಿಷ್ಟು ಕಥೆಯನ್ನು ಹೊತ್ತದ್ದು ಅವರೇ. ಕಣ್ಣಿಗಾಗಿಯೇ ಆದರೆ ಹಾಡೊಂದು ಸಾಕು, ಅದು ಯೂಟ್ಯೂಬಿನಲ್ಲಿ ಪುಕ್ಕಟೆ ಇದೆ.