ಒಂದು ಹಾಡು ಕಳಿಸಿದ್ದೆ, ಕೇಳಿದ್ರಾ?

ಸಾಲ ಕೊಟ್ಟವರಿಗಿಂತ ಗಟ್ಟಿಯಾಗಿ ಬೆನ್ನು ಹತ್ತುವವರು ಯಾರಾದರೂ ಇದ್ದರೆ ಅದು ಹಾಡು ಕಳಿಸಿದವರು. ಸಾಲ ಕೊಟ್ಟವರಿಗೆ 'ಒಂದನೇ ತಾರೀಕು ಆಗಲಿ ಸ್ವಾಮಿ' ಅಂತ ಹೇಳಿ ಜಾರಿಕೊಳ್ಳಬಹುದು. ಇವರ ಹತ್ತಿರ ಆ ಆಟ ನಡೆಯೋದಿಲ್ಲ. 'ಕೇಳಿದೆ, ಚೆನ್ನಾಗಿದೆ' ಅಂದಿರೋ, 'ಯಾವ ಜಾಗ ಇಷ್ಟ ಆಯ್ತು?' ಅಂತ ಪಾಟೀಸವಾಲು ಶುರು. ಕೇಳದವನು ಸಿಕ್ಕಿಬೀಳೋದೇ ಅಲ್ಲಿ.

ನಮ್ಮ ಅಕ್ಕನ ಮಗ ಈ ಪಂಗಡದವನು. ಲಿಂಕ್ ಕಳಿಸಿ ಸುಮ್ಮನಿರುವ ಪೈಕಿ ಅಲ್ಲ, ಜೊತೆಗೆ ನಿಯಮಾವಳಿಯನ್ನೂ ಕಳಿಸುತ್ತಾನೆ. "ಮಾಮ, ಫೋನಿನ ಸ್ಪೀಕರಲ್ಲಿ ಬೇಡ, ಹೆಡ್‌ಫೋನ್ ಹಾಕ್ಕೊಳ್ಳಿ. ಅಡ್ಡಾಡ್ತಾ ಕೇಳಬೇಡಿ. ಮೊದಲ ಸಲಕ್ಕೆ ಹಿಡಿಸಲ್ಲ, ನಾಲ್ಕು ಸಲ ಕೇಳಿ." ನಾಲ್ಕು ಸಲ ಕೇಳಿದರೆ ನಮ್ಮ ಬಡಾವಣೆಯ ಕಸದ ಗಾಡಿ ಹಾಡೂ ಹಿಡಿಸುತ್ತೆ ಕಣೋ ಅಂದರೆ ಅವನಿಗೆ ಸಿಟ್ಟು. ಎದುರಿಗೆ ಕೂತು ಕೇಳಿಸುವ ದಿನವಂತೂ ದೇವರೇ ಗತಿ. ಹಾಡಿನ ನಡುವೆ ಅವನಿಗೆ ಪ್ರಿಯವಾದ ಒಂದು ತಿರುವು ಇರುತ್ತೆ. ಅದು ಬರುವ ಹೊತ್ತಿಗೆ ಅವನ ಕಣ್ಣು ನನ್ನ ಮುಖದ ಮೇಲೆ. ಹುಬ್ಬು ಏರಿಸಲೋ, ತಲೆ ಆಡಿಸಲೋ, ಕಣ್ಣು ಮುಚ್ಚಲೋ ಅನ್ನೋ ಪರದಾಟದಲ್ಲಿ ಹಾಡು ಹೇಗಿತ್ತು ಅನ್ನೋದೇ ನನಗೆ ಗೊತ್ತಾಗಿರೋದಿಲ್ಲ.

"ಯಾವ ಸಿನಿಮಾದ್ದೋ ಇದು?" ಅಂತ ಕೇಳಿದರೆ ಮುಗೀತು. "ಸಿನಿಮಾ ಅಲ್ಲ ಮಾಮ, ಇಂಡಿ." ಇಂಡಿ ಅಂದರೆ ವಿಜಯಪುರ ಜಿಲ್ಲೆಯ ನಿಂಬೆಹಣ್ಣಿನ ಊರು ಅಂತ ತಿಳಿದಿದ್ದವನು ನಾನು. ಸಿನಿಮಾದ ಹಂಗಿಲ್ಲದೆ ತಾವೇ ಮಾಡಿ ಬಿಡುವ ಹಾಡಿಗೂ ಅದೇ ಹೆಸರಂತೆ, ಈಗಿನ ಕಾಲದ್ದಂತೆ. ಆದರೆ ಭಾವನವರು ಬಿಡಬೇಕಲ್ಲ. ಪೇಪರ್ ಓದುತ್ತಿದ್ದವರು ಅಲ್ಲಿಂದಲೇ, "ಸಿನಿಮಾ ಇಲ್ಲದ ಹಾಡು ನಿಮ್ಮ ಕಾಲದಲ್ಲಿ ಹುಟ್ಟಿದ್ದೇನೋ?" ಅಂದರು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿ 'ನಿತ್ಯೋತ್ಸವ' ಕ್ಯಾಸೆಟ್ ಬಂತು, ನಾಯಕ ನಾಯಕಿ ಯಾರೂ ಇಲ್ಲದೆ ಅದು ಮನೆಮನೆ ಸುತ್ತಲಿಲ್ಲವೇ ಅನ್ನೋದು ಅವರ ವಾದ. ಮಗ ಸುಮ್ಮನಿರಲಿಲ್ಲ, 2008ರ ರಘು ದೀಕ್ಷಿತ್ ಪ್ರಾಜೆಕ್ಟ್ ಆಲ್ಬಮ್ ತೆಗೆದ. ಅದರಲ್ಲಿ 'ಗುಡುಗುಡಿಯಾ ಸೇದಿ ನೋಡೋ' ಬಂದದ್ದೇ ತಡ, "ಅದು ನಮ್ಮ ಶರೀಫಜ್ಜನದು, ಅಶ್ವತ್ಥ್ ಹಾಡಬೇಕು ಶರೀಫರ ಪದ!" ಅಂತ ಭಾವ ಪೇಪರ್ ಮಡಿಸಿಯೇಬಿಟ್ಟರು. ಅಪ್ಪ ಮಗ ಇಬ್ಬರೂ ಒಂದೇ ಅಜ್ಜನ ಪದಕ್ಕೆ ಜಗಳ ಆಡೋದನ್ನು ನೋಡುತ್ತಾ ನಾನು ಕಾಫಿ ಮುಗಿಸಿದೆ.

ಹುಡುಗನ ಚಡಪಡಿಕೆಗೆ ಒಂದು ಲೆಕ್ಕಾಚಾರವೂ ಇದೆ, ಆಮೇಲೆ ತಿಳೀತು. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ ನಮ್ಮ ದೇಶಕ್ಕೆ ಬಂದದ್ದು 2019ರಲ್ಲಿ. ಅಲ್ಲಿ ಕನಿಷ್ಠ 30 ಸೆಕೆಂಡ್ ಕೇಳಿದರೆ ಮಾತ್ರ 'ಒಂದು ಸಲ ಕೇಳಿದರು' ಅಂತ ಜಮಾ. 2024ರಿಂದ ಇನ್ನೊಂದು ಕಟ್ಟಳೆ: ಹಿಂದಿನ 12 ತಿಂಗಳಲ್ಲಿ ಒಂದು ಹಾಡು 1000 ಸಲವಾದರೂ ಓಡಿರಬೇಕು, ಇಲ್ಲದಿದ್ದರೆ ಅದಕ್ಕೆ ಬಿಡಿಗಾಸೂ ಹುಟ್ಟೋದಿಲ್ಲ. ದೊಡ್ಡ ತಾರೆಯರಿಗೆ ಸಾವಿರ ಅಂದರೆ ಕಣ್ಣು ಮಿಟುಕಿಸುವಷ್ಟರ ಮಾತು. ಗೆಳೆಯನ ಕೋಣೆಯಲ್ಲಿ ಹಾಸಿಗೆ ಗೋಡೆಗೆ ಒರಗಿಸಿ ರೆಕಾರ್ಡ್ ಮಾಡಿದ ಹುಡುಗರಿಗೆ ಅದು ಬೆಟ್ಟ. ಅದಕ್ಕೇ ನಮ್ಮವನು ನೆಂಟರಿಷ್ಟರಿಗೆಲ್ಲ, "30 ಸೆಕೆಂಡ್ ಆದ್ರೂ ಕೇಳಿ, ನಿಮ್ಮ ಗಂಟೇನು ಹೋಗುತ್ತೆ?" ಅಂತ ದುಂಬಾಲು ಬೀಳೋದು. ಅಜ್ಜಿಯ ಫೋನಿಗೂ ಹಾಕಿಕೊಟ್ಟು ಹೋದ. ಅಜ್ಜಿ ಸೊಪ್ಪು ಸೋಸುತ್ತಾ ಪೂರ್ತಿ ಕೇಳಿ, "ಪಾಪ, ಹುಡುಗ ಊಟ ಮಾಡದೆ ಹಾಡಿದ ಹಾಗಿದೆ" ಅಂದರು. ಇಂಡಿ ಪಾಪ್ ಗಾಯನಶೈಲಿಗೆ ಇದಕ್ಕಿಂತ ಅಚ್ಚುಕಟ್ಟಾದ ವಿಮರ್ಶೆ ನಾನು ಕೇಳಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಹಬ್ಬಿಸಿದ ಹಾಡು ನಿಜವಾಗಿಯೂ ಹಬ್ಬಿತು ಅನ್ನಿ, ಕಳಿಸಿದವರು ಖುಷಿ ಪಡುತ್ತಾರೆಯೇ? ಶಿವನೇ, ಆಗಲೇ ಇವರ ಮುಖ ಬಾಡೋದು! 2019ರಲ್ಲಿ ಅಮೆರಿಕದ ಬರಾಕ್ ಒಬಾಮಾ ವರ್ಷದ ಮೆಚ್ಚಿನ ಹಾಡುಗಳ ಪಟ್ಟಿ ಹಾಕಿದಾಗ ಅದರಲ್ಲಿ ನಮ್ಮ ಪ್ರತೀಕ್ ಕುಹಾಡರ 'ಕೋಲ್ಡ್/ಮೆಸ್' ಇತ್ತು. ದೇಶಕ್ಕೆ ದೇಶವೇ ಹಿಗ್ಗಿತು. ಹಳೇ ಅಭಿಮಾನಿಗಳು ಮಾತ್ರ ಸೂತಕದಲ್ಲಿದ್ದರು. "ಒಬಾಮಾಗೆ ಮುಂಚೆ ನಾನು ಕೇಳಿದ್ದೆ" ಅಂತ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ಓಡಾಡಿದರು. ಒಬಾಮಾ ಏನು ಇಲ್ಲ ಅಂದಿದ್ದರೇ?

ಇವರಲ್ಲಿ ಹಿರೇತನಕ್ಕೂ ಒಂದು ಅಳತೆಗೋಲು ಇದೆ: ಇಂದಿರಾನಗರದ ಹಮ್ಮಿಂಗ್ ಟ್ರೀ. 2013ರಲ್ಲಿ ಶುರುವಾಗಿ 2019ರಲ್ಲಿ ಮುಚ್ಚಿದ ಜಾಗ ಅದು. ಎಷ್ಟೋ ಹೊಸ ಬ್ಯಾಂಡುಗಳು ಬೆಂಗಳೂರಿಗೆ ಮೊದಲು ಮುಖ ತೋರಿಸಿದ್ದು ಅಲ್ಲೇ. "ಅವರ ಮೊದಲ ಶೋಗೆ ನಾನು ಅಲ್ಲಿದ್ದೆ" ಅನ್ನುವವರನ್ನೆಲ್ಲ ಇವತ್ತು ಒಟ್ಟು ಸೇರಿಸಿದರೆ ಅರಮನೆ ಮೈದಾನವೂ ಸಾಲದು. ಅಷ್ಟು ಜನ ಆವತ್ತೇ ಟಿಕೆಟ್ ತಗೊಂಡಿದ್ದರೆ ಮುಚ್ಚುತ್ತಿತ್ತೇ ಅಂತ ನನ್ನಂಥ ಒರಟರು ಮಾತ್ರ ಕೇಳುತ್ತಾರೆ.

ಈ ಮಾತು ಆಡಿದ ತಪ್ಪಿಗೆ ಅಕ್ಕನ ಮಗ ನನ್ನನ್ನೇ ಒಂದು ಕಾರ್ಯಕ್ರಮಕ್ಕೆ ಎಳೆದುಕೊಂಡು ಹೋದ. ಟಿಕೆಟ್ಟಿನಲ್ಲಿ ಎಂಟು ಗಂಟೆ. ನಮ್ಮ ಕಾಲದವರು ಏಳೂವರೆಗೇ ಹಾಜರ್. ಒಳಗೆ ಕುರ್ಚಿ ಒರೆಸುವವರು ಬಿಟ್ಟರೆ ನಾವಿಬ್ಬರೇ. ಎಂಟೂಕಾಲಿಗೆ ಒಬ್ಬ ಬಂದು ಮೈಕಿಗೆ 'ಚೆಕ್, ಚೆಕ್' ಅಂದ. ಮುನ್ನುಡಿ ಹಾಡುತ್ತಾನೆ ಅಂದುಕೊಂಡು ನಾನು ಚಪ್ಪಾಳೆ ತಟ್ಟಿದೆ. ಅವನು ನನ್ನ ಪರಿಚಯವೇ ಇಲ್ಲದವನ ಹಾಗೆ ಪಕ್ಕಕ್ಕೆ ಸರಿದು ನಿಂತ. ಅಂತೂ ಜನ ಸೇರಿ ಹಾಡು ಶುರುವಾಯಿತು. ಹಿಂದೆ ಬಾರ್ ಕಡೆ ನಿಂತವರಿಗೆ ಹಾಡಿನ ಗೊಡವೆಯೇ ಇಲ್ಲ. ಅವರಿಗೆ ಗೆಳೆಯನ ಬಡ್ತಿಯ ಪಾರ್ಟಿ. ನಡುವೆ ನಿಂತವರು ಫೋನ್ ಎತ್ತಿ ಹಿಡಿದವರು.

ಮುಂದಿನ ಸಾಲಿನವರನ್ನು ಮಾತ್ರ ನೋಡಬೇಕಿತ್ತು. ಎರಡನೇ ಚರಣಕ್ಕೆ ಬರುವಾಗ ಹಾಡುವ ಹುಡುಗನಿಗೆ ಸಾಲು ಮರೆತುಹೋಯಿತು. ಗಿಟಾರ್ ನುಡಿಸುತ್ತಲೇ ಬೆಪ್ಪಾಗಿ ನಕ್ಕ. ಅಷ್ಟರಲ್ಲಿ ಮುಂದೆ ನಿಂತಿದ್ದ ಮೂರ್ನಾಲ್ಕು ಹುಡುಗಿಯರು ಆ ಸಾಲನ್ನು ಎತ್ತಿಕೊಂಡು ಚರಣವನ್ನು ಪೂರ್ತಿ ದಾಟಿಸಿಯೇಬಿಟ್ಟರು. ಹೆಡ್‌ಫೋನಿನಲ್ಲಿ ನಾಲ್ಕು ಸಲ ಕೇಳಿಯೂ ನನಗೆ ಹತ್ತದ ಹಾಡು ಅದೇ! ಆ ಕ್ಷಣಕ್ಕೆ ನನ್ನ ಕಾಲು ತಾನಾಗಿ ತಾಳ ಹಾಕುತ್ತಿತ್ತು. ಶೋ ಮುಗಿದ ಮೇಲೆ ಬಾಗಿಲ ಹತ್ತಿರ ಟೀ ಶರ್ಟ್ ಮಾರುತ್ತಾ ಕೂತಿದ್ದವನು ಅದೇ ಬ್ಯಾಂಡಿನ ಬೇಸ್ ಗಿಟಾರಿನವನು. ಬೆವರು ಒರೆಸಿಕೊಳ್ಳುತ್ತಾ ಚಿಲ್ಲರೆ ಎಣಿಸುತ್ತಿದ್ದ. ಒಂದು ಶರ್ಟ್ ಕೊಂಡೆ. ನನ್ನ ಹೊಟ್ಟೆಗೆ ಅದು ಒಗ್ಗದು, ಅಕ್ಕನ ಮಗನಿಗೆ ಲಾಭ.

ಈಗ ಹೊಸಬರನ್ನು ಹುಡುಕೋದು ಕಷ್ಟವೇನಲ್ಲ. ಸ್ಪಾಟಿಫೈನ ಡಿಸ್ಕವರ್ ವೀಕ್ಲಿ ಪಟ್ಟಿ ಪ್ರತಿ ಸೋಮವಾರ ತಪ್ಪದೆ 30 ಹಾಡು ತಂದು ಸುರಿಯುತ್ತೆ. ಸ್ವರಾತ್ಮ ಬ್ಯಾಂಡ್ ಕೇಳಿದವರಿಗೆ ವಾಸು ದೀಕ್ಷಿತ್ ಸಿಗುತ್ತಾರೆ, ಸಂಜಿತ್ ಹೆಗ್ಡೆಯ 'ನಂಗೇ ಅಲ್ಲವಾ' ಸಿಗುತ್ತೆ, ಕೊಚ್ಚಿಯ 'ವೆನ್ ಚಾಯ್ ಮೆಟ್ ಟೋಸ್ಟ್' ಹುಡುಗರು ಸಿಗುತ್ತಾರೆ. ಯಾರದೋ ಮನೆಯ ಹಾಲಿನಲ್ಲಿ ಚಾಪೆ ಮೇಲೆ ಕೂತು ಕೇಳುವ ಸೋಫಾರ್ ಸೌಂಡ್ಸ್ ಬೈಠಕ್ಕುಗಳೂ ಬೆಂಗಳೂರಿನಲ್ಲಿ ನಡೆದಿವೆ. ವಿಳಾಸವನ್ನು ಕೊನೇ ಗಳಿಗೆಯಲ್ಲಿ ಹೇಳುತ್ತಾರೆ, ಯಾರು ಹಾಡುತ್ತಾರೆ ಅಂತ ಅಲ್ಲಿ ಹೋದ ಮೇಲೇ ಗೊತ್ತಾಗೋದು. ಕಂಪ್ಯೂಟರು ಎಷ್ಟೇ ಜಾಣನಾದರೂ ಅದು ಹಾಡನ್ನು ಹುಡುಕಿಕೊಡುತ್ತೆ ಅಷ್ಟೇ. ಮಳೆಯಲ್ಲಿ ಡೊಮ್ಲೂರು ಫ್ಲೈಓವರ್ ಹತ್ತಿ ಇಳಿಸಿ, 'ಇನ್ನೈದು ನಿಮಿಷ ಮಾಮ' ಅಂತ ಸುಳ್ಳು ಹೇಳಿ, ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಿಸೋದಕ್ಕೆ ಮನುಷ್ಯರೇ ಬೇಕು. ಹಾಡು ರುಚಿಸಲಿಲ್ಲ ಅಂದರೆ ಬೈಯೋದಕ್ಕೂ ಒಬ್ಬರು ಕೈಗೆ ಸಿಗಬೇಕಲ್ಲ!

ಆದ್ದರಿಂದ ಹಾಡು ಕಳಿಸುವ ಮಹಾಶಯರೇ, ನಮ್ಮ ಮೇಲೆ ಅಷ್ಟು ಪ್ರೀತಿ ಇದ್ದರೆ ಲಿಂಕ್ ಬದಲು ಟಿಕೆಟ್ ಕಳಿಸಿ, ಎರಡು. ಬಂದು ಕೇಳುತ್ತೇವೆ, ಚಪ್ಪಾಳೆಯನ್ನೂ ಸರಿಯಾದ ಜಾಗದಲ್ಲೇ ತಟ್ಟುತ್ತೇವೆ. ಹೋಗಿಬರುವ ಆಟೋ ಖರ್ಚು ಮಾತ್ರ ನಿಮ್ಮದೇ, ಮತ್ತೆ ರಾತ್ರಿ ಒಂದೂವರೆ ಪಟ್ಟು ಕೇಳ್ತಾರೆ.