ಪೆಟ್ರೋಲಿನ ಗೇಣುದ್ದದ ಹಾದಿ

ರಸ್ತೆಬದಿಯಲ್ಲಿ ಹಳೆಯ ಯೆಜ್ಡಿ ನಿಲ್ಲಿಸಿಕೊಂಡು ಕಿಕ್ಕರ್ ತುಳಿಯುತ್ತಿರುವವನಿಗೆ ಒಂಟಿತನದ ಭಯವಿಲ್ಲ. ಹೊಸ ಗಾಡಿ ಕೆಟ್ಟು ನಿಂತರೆ ಯಾರೂ ತಿರುಗಿ ನೋಡುವುದಿಲ್ಲ. ಯೆಜ್ಡಿ ನಿಂತರೆ ಎಳನೀರಿನವನು ಮಚ್ಚು ಕೆಳಗಿಟ್ಟು ಬರುತ್ತಾನೆ, ಮಗಳನ್ನು ಟ್ಯೂಷನ್ನಿಗೆ ಬಿಡಲು ಹೊರಟವರು ಸ್ಕೂಟರ್ ಆಫ್ ಮಾಡುತ್ತಾರೆ. "ನಮ್ಮ ಮಾವನ ಹತ್ರ ಇತ್ತು ಸಾರ್, ಇದೇ ಕಲರ್ರು" ಎಂದು ಶುರುವಾದ ಮಾತು ಊರೆಲ್ಲ ಸುತ್ತಿ, "ಕಾರ್ಬೊರೇಟರ್ ಇರಬೇಕು ನೋಡಿ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಜ್ಯೋತಿಷಿಗಳಿಗೆ ಶನಿ ಹೇಗೋ ನಮ್ಮ ಜನಕ್ಕೆ ಕಾರ್ಬೊರೇಟರ್ ಹಾಗೆ. ಮದುವೆ ತಡವಾದರೂ ಅವನೇ, ಮೊಣಕಾಲು ಹಿಡಿದುಕೊಂಡರೂ ಅವನೇ.

ನಾನಂತೂ ಕಾರ್ಬೊರೇಟರಿನ ಪರ ವಕಾಲತ್ತು ಹಾಕುವವನು. ಕೈಗೆ ಸ್ಪ್ಯಾನರ್ ಸಿಕ್ಕ ಕೂಡಲೇ ಅದನ್ನು ಬಿಚ್ಚುವವರು ಮೊದಲು ತಲೆಯೆತ್ತಿ ಟ್ಯಾಂಕಿನ ಮುಚ್ಚಳ ನೋಡಬೇಕು. ಈ ಗಾಡಿಯಲ್ಲಿ ಪಂಪು ಗಿಂಪು ಏನೂ ಇಲ್ಲ. ಪೆಟ್ರೋಲು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಅದು ಇಳಿದಷ್ಟೂ ಮೇಲಿನಿಂದ ಗಾಳಿ ಒಳಗೆ ಬರಬೇಕು, ಅದಕ್ಕೆಂದೇ ಮುಚ್ಚಳದಲ್ಲಿ ಒಂದು ಸಣ್ಣ ತೂತು. ಅದು ಮುಚ್ಚಿಹೋದರೆ ಗಾಡಿ ಒಂದಷ್ಟು ದೂರ ಚೆನ್ನಾಗಿಯೇ ಓಡಿ, ಬಿಕ್ಕಳಿಸಿ, ನಿಲ್ಲುತ್ತದೆ. ಹತ್ತು ನಿಮಿಷ ಬೈದು ಮತ್ತೆ ತುಳಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಮುಚ್ಚಳ ತಿರುಗಿಸಿದಾಗ 'ಉಸ್' ಎಂದರೆ ಕಳ್ಳ ಸಿಕ್ಕ ಹಾಗೆ. ಜುಲೈ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೆಂದು ಹಿಂದಿನ ರಾತ್ರಿ ಮುಚ್ಚಳಕ್ಕೆ ಪಾಲಿಶ್ ಮೆತ್ತಿ ಉಜ್ಜಿದವರ ಗಾಡಿಗಳಿಗೆ ಈ ಕಾಯಿಲೆ ವಿಶೇಷವಾಗಿ ಬರುತ್ತದೆ. ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಮುಚ್ಚಳ, ಉಸಿರಾಡಲು ದಾರಿಯಿಲ್ಲ.

ಮುಚ್ಚಳದ ನಂತರ ಟ್ಯಾಪು. ಅದರ ಜಾಲರಿಯಲ್ಲಿ ಟ್ಯಾಂಕಿನ ತುಕ್ಕು ಕಾಫಿಪುಡಿ ಬಣ್ಣದಲ್ಲಿ ಕೂತಿರುತ್ತದೆ. ಮೈಸೂರಿನ ಯಾದವಗಿರಿಯ ಕಾರ್ಖಾನೆ ಜಾವಾ ತಯಾರಿಸಲು ತೊಡಗಿದ್ದು 1961ರಲ್ಲಿ, ಬಾಗಿಲು ಹಾಕಿದ್ದು 1996ರಲ್ಲಿ. ನಡುವೆ, 1973ರಿಂದ, ಗಾಡಿಯ ಹೆಸರು ಯೆಜ್ಡಿ ಆಯಿತು. ಲೆಕ್ಕ ಹಾಕಿದರೆ ಕೊನೆಗೆ ಹೊರಬಂದ ಗಾಡಿಯ ಟ್ಯಾಂಕಿಗೂ ತುಕ್ಕು ಹಿಡಿಯುವ ವಯಸ್ಸು. ಪೈಪು ಕಳಚಿ ಬಾಟಲಿಗೆ ಹಿಡಿದು ಟ್ಯಾಪು ತಿರುಗಿಸಿದರೆ ಎಲ್ಲವೂ ತಿಳಿಯುತ್ತದೆ. ಧಾರೆ ಸಣ್ಣಗಾಗುತ್ತ ಬಂದು ಹನಿಗಿಳಿದರೆ ತಪ್ಪು ಇನ್ನೂ ಮೇಲೆಯೇ ಇದೆ.

ಇಷ್ಟಾದ ಮೇಲೆ ಬೇಕಾದರೆ ಕಾರ್ಬೊರೇಟರ್ ಬಿಚ್ಚಿ. ಹಳೆಯ ಜಿಕೋವ್ ಕಾರ್ಬೊರೇಟರಿನಲ್ಲಿ ಒಂದು ಪುಟ್ಟ ಗುಂಡಿ ಇದೆ. ಬೆಳಗಿನ ಚಳಿಗೆ ಅದನ್ನು ಒತ್ತಿದರೆ ಒಳಗಿನ ಫ್ಲೋಟ್ ಮುಳುಗಿ ಪೆಟ್ರೋಲು ಉಕ್ಕುತ್ತದೆ, ಇಂಜಿನ್ನಿಗೆ ಗಟ್ಟಿ ಮಿಶ್ರಣ ಸಿಗುತ್ತದೆ. ಬೆರಳಿಗೆ ಪೆಟ್ರೋಲು ಹತ್ತಿತೆಂದರೆ ಕಿಕ್ ಹೊಡೆಯಬಹುದು. ಗುಂಡಿ ಮುಟ್ಟದೆಯೂ ಉಕ್ಕಿ ನೆಲಕ್ಕೆ ತೊಟ್ಟಿಕ್ಕುತ್ತಿದ್ದರೆ ಕಾಯಿಲೆ ಬೇರೆ. ನೀಡಲ್ ಸವೆದಿರಬೇಕು, ಇಲ್ಲವೇ ಫ್ಲೋಟ್ ತೂತಾಗಿರಬೇಕು. ನನಗೆ ಗೊತ್ತಿರುವ ಮುದುಕ ಮೆಕ್ಯಾನಿಕ್ ಒಬ್ಬರು ಹಿತ್ತಾಳೆಯ ಫ್ಲೋಟನ್ನು ಎರಡು ಬೆರಳಲ್ಲಿ ಹಿಡಿದು ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಒಳಗೆ 'ಗುಳುಕ್' ಎಂದರೆ ತಲೆಯಾಡಿಸಿ, ಎದುರಿನ ಹೋಟೆಲಿನಿಂದ ಒಂದು ಲೋಟ ಬಿಸಿನೀರು ತರಿಸುತ್ತಾರೆ. ಫ್ಲೋಟನ್ನು ಅದರಲ್ಲಿ ಅದುಮಿ ಹಿಡಿದಾಗ ಬೆಸುಗೆಯ ಸಾಲಿನಲ್ಲಿ ಎಲ್ಲೋ ಒಂದು ಕಡೆಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತವೆ. "ಅಲ್ಲೇ ಐತೆ ನೋಡಿ ಸಾರ್." ಒಳಗಿನ ಪೆಟ್ರೋಲೆಲ್ಲ ಹೊರಬಿದ್ದು ಒಣಗುವವರೆಗೆ ಅವರು ಬೆಸುಗೆಯ ಕಡ್ಡಿ ಮುಟ್ಟುವುದಿಲ್ಲ. ಬೆಸುಗೆಯನ್ನೂ ಹಾಕಬೇಕೋ ಬೇಡವೋ ಎಂಬಷ್ಟು ಕಡಿಮೆ ಹಾಕುತ್ತಾರೆ. ಸೀಸ ಹೆಚ್ಚಾದರೆ ಫ್ಲೋಟ್ ಭಾರವಾಗಿ, ಕಾರ್ಬೊರೇಟರಿನ ಬಟ್ಟಲಲ್ಲಿ ಪೆಟ್ರೋಲಿನ ಮಟ್ಟ ಏರಿ, ಅದೇ ಕಾಯಿಲೆ ಹಿಂಬಾಗಿಲಿಂದ ಬರುತ್ತದೆ. ಬಿಸಿನೀರಿನ ಲೋಟ ಹೋಟೆಲಿಗೆ ಹಿಂದಿರುಗುತ್ತದೋ ಇಲ್ಲವೋ ನಾನು ವಿಚಾರಿಸಿಲ್ಲ. ಅಲ್ಲಿ ಕಾಫಿ ಕುಡಿಯುವುದನ್ನಂತೂ ಬಿಟ್ಟಿದ್ದೇನೆ.

ಪೆಟ್ರೋಲು ಹಾಯುವ ಪುಟ್ಟ ತೂತಿನ ಜೆಟ್ಟಿನ ವಿಷಯದಲ್ಲಿ ಅವರು ಇನ್ನೂ ಕಟ್ಟುನಿಟ್ಟು. ಕಟ್ಟಿಕೊಂಡ ಜೆಟ್ಟಿಗೆ ಗುಂಡುಪಿನ್ನು ಹಾಕಿದವರನ್ನು ಕಂಡರೆ ಅವರಿಗೆ ಸಿಟ್ಟು. ಹಿತ್ತಾಳೆ ಮೆದು, ಪಿನ್ನು ಗಟ್ಟಿ. ಕೊಳೆಯ ಜೊತೆಗೆ ತೂತಿನ ಅಂಚೂ ಸವೆಯುತ್ತದೆ, ಮೇಲೆ ಕೆತ್ತಿದ ನಂಬರು ಅಂದಿನಿಂದ ಸುಳ್ಳು. ವೈರಿನಿಂದ ಎಳೆದ ಒಂದೇ ಒಂದು ತಾಮ್ರದ ಎಳೆ, ಆಮೇಲೆ ಬಾಯಲ್ಲಿ ಒಂದು ಊದು, ಬೆಳಕಿಗೆ ಹಿಡಿದು ಒಂದು ನೋಟ.

ಈಗ ಹೊಸ ತಲೆನೋವು ಬಂಕಿನಿಂದಲೇ ಬರುತ್ತಿದೆ. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಕಬ್ಬು ಬೆಳೆದವರಿಗೆ ಒಳ್ಳೆಯದಾಗಲಿ, ಅದರ ಬಗ್ಗೆ ತಕರಾರಿಲ್ಲ. ಆದರೆ ಎಥನಾಲಿಗೆ ನೀರೆಂದರೆ ಪ್ರಾಣ. ಗಾಡಿ ಮಳೆಗಾಲವಿಡೀ ನಿಂತಿದ್ದರೆ ಗಾಳಿಯ ತೇವ ಹೀರಿಕೊಂಡು, ಹೆಚ್ಚಾದ ಮೇಲೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಹಳೆಯ ರಬ್ಬರ್ ಪೈಪು, ವಾಷರುಗಳನ್ನೂ ಹಾಳು ಮಾಡುತ್ತದೆ. ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೆ ಆಯಿಲ್ ಬೇರೆ ಬೆರೆಸಬೇಕು, ನಾನು ಹಾಕುವುದು ಲೀಟರಿಗೆ 40 ಮಿಲಿಲೀಟರ್. ಗಾಡಿ ನಿಂತಲ್ಲೇ ನಿಂತರೆ ಬಟ್ಟಲಿನ ಪೆಟ್ರೋಲು ಆರಿ, ಆಯಿಲ್ ಮಾತ್ರ ಅಂಟಂಟಾಗಿ ಉಳಿದು ಜೆಟ್ಟು ಕಟ್ಟುತ್ತದೆ.

ಇದಕ್ಕೆ ಮೆಕ್ಯಾನಿಕ್ ಹೇಳಿಕೊಟ್ಟ ಮದ್ದು ಬಹಳ ಸುಲಭ. ಮನೆ ಹತ್ತಿರ ಬರುವಾಗಲೇ ಟ್ಯಾಪು ಮುಚ್ಚಿ, ನಿಧಾನವಾಗಿ ಬಟ್ಟಲಿನಲ್ಲಿರುವುದನ್ನೆಲ್ಲ ಸುಟ್ಟು ಮುಗಿಸುವುದು. ಅಂದಾಜು ಸರಿಬಿದ್ದರೆ ಗೇಟಿನ ಒಳಗೆ ಇಂಜಿನ್ ತಾನಾಗಿ ನಿಲ್ಲಬೇಕು. ನನ್ನದು ಎದುರುಮನೆಯ ರಿಟೈರ್ಡ್ ಮೇಷ್ಟರು ಪೇಪರ್ ಓದುವ ಜಗಲಿಯ ಮುಂದೆ ನಿಲ್ಲುತ್ತದೆ. "ಮತ್ತೆ ಕೈಕೊಡ್ತಾ?" ಎನ್ನುತ್ತಾರೆ. ಇಲ್ಲ ಸಾರ್, ನಾನೇ ನಿಲ್ಲಿಸಿದ್ದು ಎನ್ನುತ್ತೇನೆ. ಹೋಂವರ್ಕ್ ಮನೇಲಿ ಮರೆತುಬಂದೆ ಎಂದ ಹುಡುಗರನ್ನು ಅವರು ನೋಡುತ್ತಿದ್ದುದು ಬಹುಶಃ ಹೀಗೆಯೇ. ಆದರೂ ಪೇಪರ್ ಮಡಚಿಟ್ಟು, ಪಂಚೆ ಎತ್ತಿ ಕಟ್ಟಿ, ಹಿಂದಿನಿಂದ ಕೈ ಹಾಕಲು ಬರುತ್ತಾರೆ. ಬೇಡ ಎನ್ನಬೇಕು ನಿಜ. ನಮ್ಮ ಗೇಟಿನ ಮುಂದೆ ಸ್ವಲ್ಪ ಏರಿದೆ.