ತೂತಿಗೂ ದುಡ್ಡು

ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸುವುದಕ್ಕೆ ಜಾಗವಿಲ್ಲ ಅನ್ನುವುದು ಹಳೇ ದೂರು. ಓಡುವ ಕಾರನ್ನು ನಿಲ್ಲಿಸುವುದು ಹೇಗೆ ಅನ್ನುವ ಚರ್ಚೆ ಮಾತ್ರ ಇತ್ತೀಚಿನದು. ಶುರು ಮಾಡಿದವನು ಪಕ್ಕದ ಮನೆ ಹುಡುಗ. ಹುಡುಗ ಅಂದರೆ ಮೂವತ್ತು ದಾಟಿದೆ, ಕಿವಿ ಪಕ್ಕ ಒಂದೆರಡು ಬಿಳಿ ಕೂದಲೂ ಇಣುಕಿವೆ. ಆದರೆ ಚಡ್ಡಿ ಹಾಕಿಕೊಂಡು ನಮ್ಮ ಕಾಂಪೌಂಡ್ ಹಾರಿ ಸೀಬೆಕಾಯಿ ಕಿತ್ತವರು ಎಷ್ಟು ಬೆಳೆದರೂ ನಮಗೆ ಹುಡುಗರೇ.

ಅವನ ಹತ್ತಿರ ಇರುವುದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245. 2020ರಲ್ಲಿ ಇಡೀ ದೇಶಕ್ಕೆ ಬಂದದ್ದು ಬರೀ 200 ಗಾಡಿ. ಅದರಲ್ಲೊಂದು ನಮ್ಮ ಸಂಪಿಗೆ ಮರದ ಕೆಳಗೆ ನಿಂತು ಹೂವನ್ನೂ ಹಕ್ಕಿಯ ಹಿಕ್ಕೆಯನ್ನೂ ಸಮಭಾವದಿಂದ ಸ್ವೀಕರಿಸುತ್ತದೆ. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ನು, 245 ಅಶ್ವಶಕ್ತಿ, ಗಂಟೆಗೆ 250 ಕಿಲೋಮೀಟರ್ ವೇಗ. ನಮ್ಮ ಬೀದಿಯಲ್ಲಿ ಎರಡು ಮನೆಗೊಂದು ಹಂಪು.

“ಅಂಕಲ್, ಮುಂದಿನ ಡಿಸ್ಕು, ಪ್ಯಾಡು ಎರಡೂ ಹೋಗಿದೆ ಅಂದ್ರು ಗ್ಯಾರೇಜಲ್ಲಿ. ಇದು ಹಾಕಿಸೋಣ ಅಂತಿದ್ದೀನಿ, ನೋಡಿ” ಅಂತ ಕಾಂಪೌಂಡಿನ ಮೇಲಿಂದ ಫೋನು ಚಾಚಿದ. ನಾನು ಬಸ್ ಡಿಪೋದ ಬ್ರೇಕ್ ವಿಭಾಗದಲ್ಲಿ ಸರ್ವಿಸ್ ಮುಗಿಸಿದವನು. ಬಸ್ಸಿನದು ಡ್ರಮ್ಮು, ಗಾಳಿ ಬ್ರೇಕು. ಇವನದು ಡಿಸ್ಕು, ಎಣ್ಣೆ ಬ್ರೇಕು. ಆದರೂ ಗಾಡಿ ನಿಲ್ಲಿಸುವಾಗ ಹುಟ್ಟುವ ಬಿಸಿಗೆ ಜಾತಿಭೇದವಿಲ್ಲ. ಕನ್ನಡಕ ಏರಿಸಿ ನೋಡಿದೆ. ಪಳಪಳ ಹೊಳೆಯುವ ಡಿಸ್ಕು, ಮೈತುಂಬ ತೂತು, ತೂತಿನ ನಡುವೆ ಗೀರು.

“ಈ ತೂತು ಯಾಕಪ್ಪ?”

“ಕೂಲಿಂಗ್‌ಗೆ ಅಂಕಲ್. ನೋಡೋಕೂ ಸಕತ್ತಾಗಿದೆ.”

“ತೂತಿಲ್ಲದೇ ಇರೋದಕ್ಕಿಂತ ಬೆಲೆ ಎಷ್ಟು ಜಾಸ್ತಿ?”

“ಹೆಚ್ಚೂಕಮ್ಮಿ ಡಬಲ್.”

ಕಬ್ಬಿಣ ಕಮ್ಮಿ, ದುಡ್ಡು ಜಾಸ್ತಿ! ಈ ವ್ಯಾಪಾರದ ಚಮತ್ಕಾರಕ್ಕೆ ಕೈಮುಗಿಯಬೇಕು. ಡಿಸ್ಕಿನ ಕೆಲಸವೇನು? ಗಾಡಿಯ ಓಟವನ್ನೆಲ್ಲ ಬಿಸಿಯಾಗಿ ನುಂಗಿಕೊಂಡು, ಆಮೇಲೆ ನಿಧಾನವಾಗಿ ಗಾಳಿಗೆ ಬಿಡುವುದು. ನುಂಗಬೇಕಾದರೆ ಮೈಯಲ್ಲಿ ಲೋಹ ಬೇಕು. ತೂತು ಕೊರೆದಷ್ಟೂ ಲೋಹ ಕಮ್ಮಿ, ಅಷ್ಟೇ ಬ್ರೇಕಿಗೆ ಡಿಸ್ಕು ಹೆಚ್ಚು ಕಾಯುತ್ತದೆ. ತಣ್ಣಗಾಗಿಸುವ ಕೆಲಸದ ಬಹುಪಾಲು ಡಿಸ್ಕಿನ ಎರಡು ತಟ್ಟೆಗಳ ನಡುವೆ ಇರುವ ಗಾಳಿಯ ಸಂದಿಗಳದು. ಅವು ಸಾದಾ ಡಿಸ್ಕಿನಲ್ಲೂ ಇರುತ್ತವೆ. ಹಿಂದಿನ ಕಾಲದ ಪ್ಯಾಡುಗಳು ಕಾದರೆ ಅಂಟು ಕರಗಿ ಅನಿಲ ಬಿಡುತ್ತಿದ್ದವು, ಆ ಅನಿಲ ಹೊರಗೆ ಹೋಗಲಿ ಅಂತ ತೂತು ಬಂತು. ಮಳೆಯಲ್ಲಿ ನೀರು ಒರೆಸುವುದಕ್ಕೆ ಒಂದಿಷ್ಟು ಉಪಯೋಗ ಈಗಲೂ ಇದೆ. ಆದರೆ ಬೀಡು ಕಬ್ಬಿಣದ ಡಿಸ್ಕನ್ನು ಕಾಯಿಸಿ, ಆರಿಸಿ, ಮತ್ತೆ ಕಾಯಿಸಿದರೆ ಬಿರುಕು ಮೊದಲು ಹುಟ್ಟುವುದು ತೂತಿನ ಅಂಚಿನಲ್ಲೇ. ಗೀರಿನ ಡಿಸ್ಕು ವಾಸಿ. ಪ್ಯಾಡಿನ ಮುಖವನ್ನು ಕೆರೆದು ಹೊಸದಾಗಿಡುತ್ತದೆ. ಅದರ ಬದಲಿಗೆ ಗರಗರ ಸದ್ದು ಕೇಳಬೇಕು, ಪ್ಯಾಡು ಸ್ವಲ್ಪ ಬೇಗ ಸವೆಯುವುದನ್ನು ಒಪ್ಪಬೇಕು.

“ಮೊದಲು ಡಿಸ್ಕು ಹೋಗಿದೆಯೋ ಇಲ್ಲವೋ ನೋಡೋಣ ಬಾ” ಅಂದೆ. ಜ್ಯಾಕು ಕೊಟ್ಟು ಮುಂದಿನ ಚಕ್ರ ಬಿಚ್ಚಿದೆವು. ಡಿಸ್ಕಿನ ಹೊರಅಂಚಿನಲ್ಲಿ ಪ್ಯಾಡು ಮುಟ್ಟದ ಕಡೆ ತುಕ್ಕಿನ ದಂಡೆ. ಉಗುರು ಎಳೆದರೆ ಟಕ್ಕನೆ ಸಿಕ್ಕಿಕೊಳ್ಳುತ್ತದೆ. ಅಲ್ಲಲ್ಲಿ ನೀಲಿ ಮಚ್ಚೆ, ವಿಪರೀತ ಕಾದದ್ದರ ಗುರುತು. ನಡುವಿನ ಟೊಪ್ಪಿಯಂಥ ಭಾಗವನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿದರೆ ‘ಮಿನ್ ಟಿಎಚ್ 27’ ಅನ್ನುವ ಕೆತ್ತನೆ ಮೂಡಿತು. ಹೊಸದಿದ್ದಾಗ 30 ಮಿಲಿಮೀಟರ್ ದಪ್ಪ, 27ಕ್ಕಿಂತ ಇಳಿದರೆ ಬದಲಿಸು ಎಂದು ಅರ್ಥ. ಮೈಕ್ರೋಮೀಟರ್ ಹಿಡಿದರೆ 27.3. ಗ್ಯಾರೇಜಿನವರ ಮಾತು ನಿಜ. ಹೊಸ ಪ್ಯಾಡು ಹಾಕಿದರೆ ಅದು ಸವೆಯುವ ಮೊದಲೇ ಡಿಸ್ಕು ಗೆರೆ ದಾಟುತ್ತದೆ. ಹಾಗಾಗಿ ಡಿಸ್ಕು ಬದಲಿಸಬೇಕು, ಎಡ ಬಲ ಎರಡೂ ಕಡೆ ಒಟ್ಟಿಗೆ. ಒಂದೇ ಕಡೆ ಹೊಸದು ಹಾಕಿಸಿ ದುಡ್ಡು ಉಳಿಸಲು ಹೋದರೆ ಬ್ರೇಕು ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯಬಹುದು.

ಕ್ಯಾಲಿಪರ್ ಜಾರುವ ಪಿನ್ನುಗಳನ್ನೂ ಎಳೆದು ನೋಡಿದೆ. ಒಂದು ಒಣಗಿ ಬಿಗಿಯಾಗಿತ್ತು. ಆ ಕಡೆಯ ಒಳಪ್ಯಾಡು ಕಾಗದದಷ್ಟು, ಹೊರಪ್ಯಾಡು ಇನ್ನೂ ಅರ್ಧ. “ಇದಕ್ಕೆ ಒಂದು ಚಿಟಿಕೆ ಬ್ರೇಕ್ ಗ್ರೀಸ್ ಸವರದೆ ನೀನು ಇಟಲಿಯಿಂದ ಡಿಸ್ಕು ತರಿಸಿದರೂ ಅಷ್ಟೇ” ಅಂದೆ. ಹುಡುಗನಿಗೆ ಗ್ರೀಸಿನ ಮಾತು ರುಚಿಸಲಿಲ್ಲ. ಗ್ರೀಸಿನ ಫೋಟೋ ಯಾರಿಗೂ ತೋರಿಸಲಾಗುವುದಿಲ್ಲವಲ್ಲ.

“ಅಂಕಲ್, ಪ್ಯಾಡಾದರೂ ರೇಸಿಂದು ಹಾಕಿಸ್ತೀನಿ.”

“ಯಾವಾಗ ರೇಸಿಗೆ ಹೋಗ್ತೀಯ?”

“ಚೆನ್ನೈ ಟ್ರ್ಯಾಕಿಗೆ ವರ್ಷಕ್ಕೊಂದು ಸಲ.”

“ಮಿಕ್ಕ ದಿನ?”

“ಆಫೀಸು... ಆಮೇಲೆ ಆಗುಂಬೆ, ಚಾರ್ಮಾಡಿ.”

ಇಲ್ಲೇ ಇರುವುದು ಗುಟ್ಟು. ಶ್ರೀಪೆರಂಬುದೂರಿನ ಹತ್ತಿರದ ಆ ಟ್ರ್ಯಾಕು ಸುತ್ತಿಗೆ 3.7 ಕಿಲೋಮೀಟರ್. ಅಲ್ಲಿ ಪ್ರತಿ ನಿಮಿಷವೂ ಬ್ರೇಕು ಒತ್ತುತ್ತಲೇ ಇರಬೇಕು, ಡಿಸ್ಕು ಆರುವುದೇ ಇಲ್ಲ. ರೇಸಿನ ಪ್ಯಾಡು ಹುಟ್ಟಿರುವುದು ಆ ಬಿಸಿಗೆ. ಬೆಳಗಿನ ಜಾವ ಮನೆಯಿಂದ ಹೊರಟು ಮೊದಲ ಹಂಪಿನ ಹತ್ತಿರ ಹಾಲಿನ ಹುಡುಗ ಅಡ್ಡ ಬಂದರೆ ಅದು ಇನ್ನೂ ನಿದ್ದೆಗಣ್ಣಲ್ಲಿರುತ್ತದೆ. ಒತ್ತಿದರೆ ಹಿಡಿಯುವುದಿಲ್ಲ, ಕಿರ್ರ್ ಅಂತ ಬೀದಿಯನ್ನೆಲ್ಲ ಎಬ್ಬಿಸುತ್ತದೆ, ತಣ್ಣಗಿರುವಾಗ ಡಿಸ್ಕನ್ನೇ ತಿನ್ನುತ್ತದೆ.

ಪ್ಯಾಡಿನ ಹಿಂಬದಿಯ ತಗಡಿನ ಮೇಲೋ ಅಂಚಿನಲ್ಲೋ ಎರಡು ಇಂಗ್ಲಿಷ್ ಅಕ್ಷರ ಇರುವುದುಂಟು: ಎಫ್‌ಎಫ್, ಜಿಜಿ ಅಂತ. ಮೊದಲನೆಯದು ಸಾಧಾರಣ ಬಿಸಿಯಲ್ಲಿ ಎಷ್ಟು ಹಿಡಿಯುತ್ತದೆ ಅನ್ನುವುದಕ್ಕೆ, ಎರಡನೆಯದು ಕೆಂಡವಾದಾಗ ಎಷ್ಟು ಅನ್ನುವುದಕ್ಕೆ. ಎಫ್ ಅಂದರೆ ಘರ್ಷಣೆಯ ಲೆಕ್ಕ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಮೊದಲ ಅಕ್ಷರಕ್ಕಿಂತ ಎರಡನೆಯದು ಕೆಳಗಿದ್ದರೆ ಘಾಟಿಯಲ್ಲಿ ಕೈಕೊಡುವ ಪ್ಯಾಡು ಅಂತ ತಿಳಿ. ಇನ್ನೊಂದು ಗುರುತು ಯುರೋಪಿನದು: ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ‘90ಆರ್’ ಅಂತ ಶುರುವಾಗುವ ಸಂಖ್ಯೆ. ಕಂಪನಿಯ ಮೂಲ ಪ್ಯಾಡಿಗಿಂತ ಬ್ರೇಕು ಹಿಡಿಯುವುದರಲ್ಲಿ ಶೇ. 15ಕ್ಕಿಂತ ಹೆಚ್ಚು ಆ ಕಡೆ ಈ ಕಡೆ ಆಗಿಲ್ಲ ಎಂದು ಪರೀಕ್ಷೆ ಮಾಡಿದ ಮುದ್ರೆ ಅದು. ಹೆಸರಿಗಿಂತ ಈ ಮುದ್ರೆ ಮೇಲು. ಫೆರೋಡೋ, ಬ್ರೆಂಬೊ, ಇಬಿಸಿ, ಎಲ್ಲರೂ ರಸ್ತೆಗೊಂದು, ಟ್ರ್ಯಾಕಿಗೊಂದು ಅಂತ ಬೇರೆಬೇರೆ ಮಾಡುತ್ತಾರೆ. ಒಂದೇ ಹೆಸರಿನ ಡಬ್ಬಿಯಲ್ಲಿ ಸಾಧುವೂ ಇರುತ್ತದೆ, ಹುಲಿಯೂ ಇರುತ್ತದೆ.

ಕಪ್ಪು ಧೂಳಿನ ದೂರೂ ಬಂತು. ಯುರೋಪಿನ ಗಾಡಿಗಳ ಮೂಲ ಪ್ಯಾಡಿನಲ್ಲಿ ಲೋಹದ ಚೂರು ಇರುತ್ತದೆ, ಚೆನ್ನಾಗಿ ಹಿಡಿಯುತ್ತದೆ, ಅಲಾಯ್ ವೀಲಿಗೆ ಮಸಿ ಬಳಿಯುತ್ತದೆ. ಸೆರಾಮಿಕ್ ಪ್ಯಾಡು ಹಾಕಿದರೆ ಧೂಳು ಕಮ್ಮಿ, ಮೊದಲ ಕಚ್ಚು ಸ್ವಲ್ಪ ಮೆತ್ತಗೆ. ಆ ಧೂಳನ್ನು ಗಾಳಿ ಪೈಪಿನಿಂದ ಊದಿಸಬೇಡ ಅಂತ ಗಟ್ಟಿಯಾಗಿ ಹೇಳಿದೆ. ಹಳೇ ಕಾಲದ ಲೈನರಿನಲ್ಲಿ ಕಲ್ನಾರು ಇತ್ತು, ಅದು ಶ್ವಾಸಕೋಶಕ್ಕೆ ಮಾರಿ. ಈಗಿನದರಲ್ಲಿ ಕಲ್ನಾರಿಲ್ಲ ಅಂತ ಡಬ್ಬಿ ಹೇಳಿದರೂ ಧೂಳು ಧೂಳೇ. ಒದ್ದೆ ಬಟ್ಟೆಯಲ್ಲಿ ಒರೆಸುವುದು ಕ್ಷೇಮ.

“ಡಿಸ್ಕ್ ಬ್ರೇಕ್ ಬಂದಿದ್ದೇ ರೇಸಿಂದ ಅಂಕಲ್” ಅಂತ ಹುಡುಗ ಕೊನೆಯ ಬಾಣ ಬಿಟ್ಟ. ಅರ್ಧ ನಿಜ. 1953ರ ಲೆ ಮಾನ್ಸ್ ರೇಸಿನಲ್ಲಿ ಜಾಗ್ವಾರ್ ಸಿ-ಟೈಪ್ ಗೆದ್ದದ್ದು ಡನ್‌ಲಪ್‌ನವರ ಡಿಸ್ಕ್ ಬ್ರೇಕಿನಿಂದ. ಮಿಕ್ಕವರು ಡ್ರಮ್ಮು ಕಾದೀತೆಂದು ತಿರುವಿಗೆ ಬಹಳ ಮೊದಲೇ ಬ್ರೇಕು ಒತ್ತಬೇಕಿತ್ತು. ಜಾಗ್ವಾರಿನವರು ಕೊನೆ ಗಳಿಗೆಯವರೆಗೆ ಓಡಿಸಿ ಒತ್ತಿದರು. ಆದರೆ ಅದಕ್ಕೂ ಅರ್ಧ ಶತಮಾನ ಹಿಂದೆ, 1902ರಲ್ಲೇ, ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ತೆಗೆದುಕೊಂಡಿದ್ದ. ತಾಮ್ರದ ಪ್ಯಾಡು ಲೋಹದ ಡಿಸ್ಕಿಗೆ ತಾಗಿ ಕಿವಿ ಕಿತ್ತುಹೋಗುವಂತೆ ಕಿರುಚುತ್ತಿತ್ತಂತೆ. ಬ್ರೇಕಿನ ಕಥೆಯಲ್ಲಿ ಕಬ್ಬಿಣಕ್ಕಿಂತ ಅದನ್ನು ಒತ್ತುವ ಪ್ಯಾಡಿನದೇ ದೊಡ್ಡ ಪಾತ್ರ ಅನ್ನುವುದಕ್ಕೆ ಇದು ಸಾಕು.

ಅಷ್ಟರಲ್ಲಿ ಅವನ ತಾಯಿ ಹಿತ್ತಲಿಂದ ಬಂದರು. “ಏನು ಸಾರ್, ಬ್ರೇಕಿಗೆ ಇಷ್ಟೊಂದು ದುಡ್ಡಾ? ಸ್ವಲ್ಪ ನಿಧಾನಕ್ಕೆ ಓಡಿಸಿದರೆ ಆಗಲ್ವಾ?”

ಆಕೆ ಓದಿದ್ದು ಕನ್ನಡ ಎಂ.ಎ. ಲೆಕ್ಕ ಮಾತ್ರ ಭೌತಶಾಸ್ತ್ರದವರೂ ತಲೆಬಾಗಬೇಕಾದ್ದು. ವೇಗ ಅರ್ಧವಾದರೆ ಡಿಸ್ಕು ನುಂಗಬೇಕಾದ ಬಿಸಿ ಅರ್ಧವಲ್ಲ, ಕಾಲು ಭಾಗ. ಆಳು ಕೂತ ಈ ಗಾಡಿ ಸುಮಾರು 1,500 ಕಿಲೋ. ಗಂಟೆಗೆ 100 ಕಿಲೋಮೀಟರ್ ವೇಗದಿಂದ ಒಮ್ಮೆ ಪೂರ್ತಿ ನಿಲ್ಲಿಸಿದರೆ ಹುಟ್ಟುವ ಶಾಖದಲ್ಲಿ ನಲ್ಲಿಯ ನೀರು ಒಂದೂಮುಕ್ಕಾಲು ಲೀಟರ್ ಕುದಿಗೆ ಬರುತ್ತದೆ, ಇಡೀ ಮನೆಗೆ ಕಾಫಿಗಾಗುವಷ್ಟು. ಅದೂ ಕೆಲವೇ ಸೆಕೆಂಡಿನಲ್ಲಿ, ಬಹುಪಾಲು ಮುಂದಿನ ಎರಡು ಡಿಸ್ಕಿನಲ್ಲಿ. 200ರಿಂದ ನಿಲ್ಲಿಸಿದರೆ ಅದರ ನಾಲ್ಕರಷ್ಟು.

ಇನ್ನು ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಲೆಕ್ಕ. ಹದಿನಾಲ್ಕು ಹೇರ್‌ಪಿನ್ ತಿರುವು, ಐನೂರು ಮೀಟರಿಗೂ ಮೇಲ್ಪಟ್ಟ ಇಳಿತ. ವೇಗ ನಲವತ್ತೇ ಇರಲಿ, ಬರೀ ಎತ್ತರದಿಂದ ಇಳಿದದ್ದಕ್ಕೇ 100ರಿಂದ ಹನ್ನೆರಡು ಸಲ ನಿಲ್ಲಿಸಿದಷ್ಟು ಶಾಖವನ್ನು ಎಲ್ಲಾದರೂ ಕಳೆಯಬೇಕು. ಎಂಜಿನ್ನಿಗೆ ಬಿಟ್ಟರೆ ಎಂಜಿನ್ನು ಕಳೆಯುತ್ತದೆ, ಇಲ್ಲದಿದ್ದರೆ ಎಲ್ಲ ಬ್ರೇಕಿನ ತಲೆಗೆ. ಹಳೇ ಬಸ್ ಡ್ರೈವರುಗಳು ಘಾಟಿ ಹತ್ತಿದ ಗೇರಿನಲ್ಲೇ ಇಳಿಸುತ್ತಿದ್ದದ್ದು ಇದಕ್ಕೇ. ಇವನ ಗಾಡಿಯಲ್ಲಿ ಆಟೋಮ್ಯಾಟಿಕ್ ಗೇರು. ಲಿವರನ್ನು ಮ್ಯಾನ್ಯುಯಲ್ ಕಡೆ ತಳ್ಳಿ ಎರಡಕ್ಕೋ ಮೂರಕ್ಕೋ ಇಳಿಸುವುದಕ್ಕೆ ಕಾಸು ಖರ್ಚಿಲ್ಲ.

ಘಾಟಿಯಲ್ಲಿ ಬ್ರೇಕು ಸೋಲುವುದರಲ್ಲಿ ಎರಡು ಬಗೆ. ಪೆಡಲು ಗಟ್ಟಿಯಾಗಿದೆ, ಒತ್ತಿದರೂ ಗಾಡಿ ನಿಲ್ಲುತ್ತಿಲ್ಲ ಅಂದರೆ ಪ್ಯಾಡು ಕಾದು ಸೋತಿದೆ. ಪೆಡಲು ಸ್ಪಂಜಿನ ಹಾಗೆ ನೆಲಕ್ಕೇ ಹೋದರೆ ಬ್ರೇಕ್ ಆಯಿಲ್ ಕುದ್ದು ಒಳಗೆ ಆವಿಯಾಗಿದೆ. ಎರಡನೆಯದೇ ಹೆಚ್ಚು ಭಯಂಕರ, ಎರಡನೆಯದನ್ನೇ ಎಲ್ಲರೂ ಮರೆಯುವುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಅಂದರೆ ಡಬ್ಬಿ ಒಡೆದ ದಿನ ಕಮ್ಮಿಯೆಂದರೂ 230 ಡಿಗ್ರಿಯವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿದ ಮೇಲೆ ಅದು 155ಕ್ಕೆ ಇಳಿಯಬಹುದು. ಡಾಟ್ 5.1ಕ್ಕೆ 260, 180. ಹೆಸರು ಹತ್ತಿರವಿದೆ ಅಂತ ಸಿಲಿಕೋನಿನ ಡಾಟ್ 5 ಸುರಿಯಬಾರದು, ಅದರ ಕುಲವೇ ಬೇರೆ.

“ಹಾಗಾದರೆ ದೊಡ್ಡ ಡಿಸ್ಕು, ಆರು ಪಿಸ್ಟನ್ನಿನ ಕೆಂಪು ಕ್ಯಾಲಿಪರ್?” ಹುಡುಗ ಬಿಡುವವನಲ್ಲ.

ಬೆಳ್ಳಗಿರೋದೆಲ್ಲ ಹಾಲಲ್ಲ, ಕೆಂಪಗಿರೋದೆಲ್ಲ ಬ್ರೇಕಲ್ಲ. ಈಗಿರುವ ಬ್ರೇಕನ್ನೇ ಜೋರಾಗಿ ಒತ್ತಿದರೆ ಎಬಿಎಸ್ ಕಟಕಟ ಅನ್ನುತ್ತದಲ್ಲ? ಚಕ್ರವನ್ನು ಕಟ್ಟಿಹಾಕುವ ಶಕ್ತಿ ಬ್ರೇಕಿಗೆ ಆಗಲೇ ಇದೆ ಅಂತಾಯಿತು. ಅಲ್ಲಿಂದಾಚೆ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ ಅನ್ನುವುದು ಟೈರಿನ ಕೈಯಲ್ಲಿ. ದೊಡ್ಡ ಡಿಸ್ಕು ಮತ್ತೆ ಮತ್ತೆ ಒತ್ತುವ ಟ್ರ್ಯಾಕಿನಲ್ಲಿ ಸುಸ್ತಾಗದೆ ದುಡಿಯುತ್ತದೆ. ಒಂದೇ ಸಲ ನಿಲ್ಲಿಸುವ ದೂರವನ್ನು ಕಡಿಮೆ ಮಾಡುವುದಿಲ್ಲ. ಪೋರ್ಷೆಯಂಥ ಗಾಡಿಗಳ ಕಾರ್ಬನ್ ಸೆರಾಮಿಕ್ ಡಿಸ್ಕು ಹಗುರ, ತುಕ್ಕು ಹಿಡಿಯದು, ಬೆಲೆ ಲಕ್ಷಗಟ್ಟಲೆ. ಅದು ನಮ್ಮ ಕಾಂಪೌಂಡಿನ ಆಚೆಯ ಮಾತು.

ಕೊನೆಗೆ ತೀರ್ಮಾನವಾದದ್ದು ಹೀಗೆ. ಗಾಡಿಯ ಸ್ಟಿಕ್ಕರಿನಲ್ಲಿರುವ ಕೋಡು ನೋಡಿ ಅದೇ ಅಳತೆಯ ಸಾದಾ ಡಿಸ್ಕು. ಒಂದೇ ಮಾಡೆಲ್ಲಿಗೆ ಬೇರೆಬೇರೆ ಅಳತೆ ಇರುವುದರಿಂದ ಮಾಡೆಲ್ ಹೆಸರು ಹೇಳಿ ತರಿಸಬಾರದು. ಮುದ್ರೆಯಿರುವ, ರಸ್ತೆಗೆಂದೇ ಮಾಡಿದ, ಬಿಸಿ ತಡೆಯುವ ಪ್ಯಾಡು. ಹೊಸ ಬ್ರೇಕ್ ಆಯಿಲ್. ಪಿನ್ನಿಗೆ ಗ್ರೀಸ್. ಟ್ರ್ಯಾಕಿಗೆ ಹೋಗುವ ದಿನಕ್ಕೆ ಬೇರೆ ಪ್ಯಾಡು, ಬಂದ ಮೇಲೆ ಬಿಚ್ಚಿಡುವುದು. ಡಿಸ್ಕು ಕೂರುವ ಹಬ್ಬಿನ ಮುಖದ ತುಕ್ಕನ್ನು ಚೆನ್ನಾಗಿ ಉಜ್ಜಿಸಬೇಕು. ಅಲ್ಲಿ ಒಂದು ಚಕ್ಕೆ ಉಳಿದರೂ ಹೊಸ ಡಿಸ್ಕು ಅಲ್ಲಾಡುತ್ತದೆ. ಹಾಕಿಸಿದ ಮೇಲೆ ಖಾಲಿ ರಸ್ತೆಯಲ್ಲಿ 80ರಿಂದ 20ಕ್ಕೆ ಎಂಟು ಹತ್ತು ಸಲ ಇಳಿಸಬೇಕು, ಪೂರ್ತಿ ನಿಲ್ಲಿಸದೆ, ಆಮೇಲೆ ಒತ್ತದೆ ಒಂದಷ್ಟು ದೂರ ಓಡಿಸಿ ಆರಿಸಬೇಕು. ಪ್ಯಾಡಿನ ತೆಳ್ಳಗಿನ ಪದರ ಡಿಸ್ಕಿನ ಮೇಲೆ ಒಂದೇ ಸಮ ಕೂತರೆ ಮಾತ್ರ ಬ್ರೇಕು ನಯ. ಕೆಂಡದ ಡಿಸ್ಕನ್ನು ಸಿಗ್ನಲ್ಲಿನಲ್ಲಿ ಒತ್ತಿ ಹಿಡಿದರೆ ಪ್ಯಾಡು ಅಲ್ಲೇ ಅಚ್ಚೊತ್ತುತ್ತದೆ. ಆಮೇಲೆ ಸ್ಟೀರಿಂಗು ನಡುಗಿದರೆ ಜನ ಡಿಸ್ಕು ಸೊಟ್ಟಗಾಗಿದೆ ಅನ್ನುತ್ತಾರೆ. ಅನೇಕ ಸಲ ಡಿಸ್ಕು ನೆಟ್ಟಗೇ ಇರುತ್ತದೆ, ಅದರ ಮೇಲಿನ ಪದರ ಏರುಪೇರಾಗಿರುತ್ತದೆ.

ತೂತಿಗೆ ಕೊಡಬೇಕೆಂದಿದ್ದ ದುಡ್ಡು ಒಳ್ಳೆಯ ಎರಡು ಟೈರಿನ ಕಡೆಗೆ ಹೋಯಿತು. ಅಷ್ಟು ದೊಡ್ಡ ಗಾಡಿ ಕೊಂಡು ಬ್ರೇಕ್ ಆಯಿಲಿನ ಡಬ್ಬಿಗೆ ಚೌಕಾಸಿ ಮಾಡುವುದು ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡಿದ ಹಾಗೆ. ಓದುವ ನಿಮ್ಮ ಗಾಡಿ ಆರ್‌ಎಸ್ ಇರಲಿ, ಹಳೇ ಆಲ್ಟೋ ಇರಲಿ, ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ಸರ್ವಿಸ್ ಪುಸ್ತಕ ತೆಗೆದು ನೋಡಿ. ಎರಡು ವರ್ಷ ದಾಟಿದ್ದರೆ ಈ ವಾರವೇ ಬದಲಿಸಿ. ಡಿಸ್ಕಿನ ಮಾತು ಆಮೇಲೆ ಆಡೋಣ.